ಕಳಶಕ್ಕೂ ಮೊದಲು

1776ರ ಏಪ್ರಿಲ್‌ನಲ್ಲಿ ಡೇವಿಡ್ ಹ್ಯೂಮ್ ಲಂಡನ್ನಿನ ಪ್ರಕಾಶಕ ವಿಲಿಯಂ ಸ್ಟ್ರಾಹನ್‌ಗೆ ಒಂದು ಕಾಗದ ಬರೆದ. ಎಡ್ವರ್ಡ್ ಗಿಬ್ಬನ್ನನ ರೋಮ್ ಚರಿತ್ರೆಯ ಮೊದಲ ಸಂಪುಟ ಆಗಷ್ಟೇ ಹೊರಬಂದಿತ್ತು. ಹ್ಯೂಮನಿಗೆ ಪುಸ್ತಕ ಮೆಚ್ಚಿಗೆಯಾಗಿತ್ತು, ಆದರೂ ಒಂದು ತಕರಾರಿತ್ತು. ಟಿಪ್ಪಣಿಗಳನ್ನೆಲ್ಲ ಸಂಪುಟದ ಕೊನೆಗೆ ಒಯ್ದು ಹಾಕಿದ್ದರು. ಅಂಕಿ ಕಂಡಾಗಲೆಲ್ಲ ಹಾಳೆ ಮಗುಚಿ ಕೊನೆಗೆ ಹೋಗಬೇಕು. ಹೋದರೆ ಅಲ್ಲಿ ಎಷ್ಟೋ ಸಲ ಆಕರದ ಹೆಸರು ಬಿಟ್ಟು ಬೇರೇನೂ ಇರುವುದಿಲ್ಲ. ಇದನ್ನು ಪುಟದ ಅಂಚಿಗೋ ತಳಕ್ಕೋ ಹಾಕಬಾರದೆ ಎಂಬುದು ಆತನ ದೂರು. ಮುಂದಿನ ಮುದ್ರಣಗಳಲ್ಲಿ ಟಿಪ್ಪಣಿಗಳು ಪುಟದ ತಳಕ್ಕೆ ಇಳಿದವು. ಅದನ್ನು ನೋಡುವ ಹೊತ್ತಿಗೆ ಹ್ಯೂಮ್ ಇರಲಿಲ್ಲ, ಅದೇ ಆಗಸ್ಟ್‌ನಲ್ಲಿ ತೀರಿಕೊಂಡಿದ್ದ.

ಅಮೆರಿಕದ ಕಾಲೇಜುಗಳಲ್ಲಿ ಇತಿಹಾಸವನ್ನು ಪ್ರಧಾನ ವಿಷಯವಾಗಿ ಓದುವ ಹುಡುಗ ಹುಡುಗಿಯರ ಕೈಗೆ ಕೊನೆಯ ವರ್ಷದಲ್ಲಿ ಒಂದು ಹಾಳೆ ಬರುತ್ತದೆ. ಪ್ರಬಂಧ ಹೇಗಿರಬೇಕು ಎಂಬ ನಿಯಮಗಳ ಹಾಳೆ. ಅದರಲ್ಲಿ ಸಾಮಾನ್ಯವಾಗಿ ಇರುವ ಒಂದು ಸಾಲು: ಅಡಿಟಿಪ್ಪಣಿಯೇ ಇರಲಿ, ಕೊನೆಟಿಪ್ಪಣಿ ಬೇಡ. ಓದುವ ವಿದ್ಯಾರ್ಥಿಗೆ ಅದು ಮೇಷ್ಟರ ಮಡಿವಂತಿಕೆಯಂತೆ ಕಾಣಬಹುದು. ನನಗೆ ಅಲ್ಲಿ ಹ್ಯೂಮನ ಗೊಣಗಾಟ ಕೇಳಿಸುತ್ತದೆ. ಈ ಹಾಳೆಯ ಬಹುಪಾಲು ಸಾಲುಗಳು ಹೀಗೇ. ಒಂದೊಂದರ ಹಿಂದೆಯೂ ಯಾರದೋ ಕಾಲದ ಯಾವುದೋ ಜಗಳವಿದೆ. ಇತಿಹಾಸದ ಮಕ್ಕಳಿಗೆ ಕೊಡುವ ಹಾಳೆಯನ್ನು ಇತಿಹಾಸದ ಆಕರವನ್ನಾಗಿಯೇ ಓದಿ ನೋಡೋಣ ಅನ್ನಿಸಿ ಈ ಬರಹ.

ಆ ಕೊನೆಯ ವರ್ಷದ ಕೋರ್ಸಿಗೆ ಅಲ್ಲಿನವರು ಕ್ಯಾಪ್‌ಸ್ಟೋನ್ ಎನ್ನುತ್ತಾರೆ. ಕಟ್ಟಡದ ನೆತ್ತಿಯ ಮೇಲೆ ಕಟ್ಟಕಡೆಗೆ ಕೂರಿಸುವ ಕಲ್ಲು. ನಮ್ಮಲ್ಲಿ ಇದಕ್ಕೆ ಹೊಸ ಪದ ಹುಡುಕುವ ಶ್ರಮವೇ ಬೇಡ, ಕಳಶ ಅಂದರೆ ಸಾಕು. ಒಂದು ಸೆಮಿಸ್ಟರಿನ ಹದಿನೈದು ವಾರಗಳಲ್ಲಿ ವಿದ್ಯಾರ್ಥಿ ಇಪ್ಪತ್ತೈದು ಮೂವತ್ತು ಪುಟದ ಸ್ವಂತ ಸಂಶೋಧನಾ ಪ್ರಬಂಧ ಬರೆಯಬೇಕು. ಮೊದಲ ಕೆಲವು ವಾರಗಳಲ್ಲಿ ಒಂದೆರಡು ಪುಟದ ಪ್ರಸ್ತಾವನೆ. ಆಮೇಲೆ ಆಕರಗಳ ಪಟ್ಟಿ, ಬರೀ ಹೆಸರುಗಳಲ್ಲ, ಒಂದೊಂದರ ಕೆಳಗೂ ಇದು ನನಗೆ ಯಾತಕ್ಕೆ ಬೇಕು ಎಂಬ ನಾಲ್ಕು ಸಾಲು. ಅದಾದ ಮೇಲೆ ಹಂದರ, ಮೊದಲ ಐದು ಪುಟ, ಪೂರ್ಣ ಕರಡು. ಕರಡನ್ನು ಜೊತೆಯ ವಿದ್ಯಾರ್ಥಿಯೊಬ್ಬ ಓದಿ ಕೆಂಪು ಮಾಡುತ್ತಾನೆ, ಮೇಷ್ಟರು ಇನ್ನಷ್ಟು ಕೆಂಪು ಮಾಡುತ್ತಾರೆ. ಕೊನೆಗೆ ತಿದ್ದಿದ ಪ್ರತಿ, ಮತ್ತು ಹತ್ತು ಹದಿನೈದು ನಿಮಿಷದ ಮಂಡನೆ. ಅಕ್ಷರ ಹನ್ನೆರಡು ಪಾಯಿಂಟು, ಸಾಲುಗಳ ನಡುವೆ ದುಪ್ಪಟ್ಟು ಜಾಗ, ನಾಲ್ಕೂ ಕಡೆ ಒಂದಿಂಚು ಅಂಚು.

ಈ ಅಂಚಿನ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ, ಏಕೆಂದರೆ ವಿದ್ಯಾರ್ಥಿಗಳು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದಕ್ಕೇ, ಅತಿ ಕಡಿಮೆ ಬೆಲೆಯದೂ ಇದೇ. ಇದರ ಹಿಂದೆ ಇರುವವರು ಕೇಟ್ ಟುರೇಬಿಯನ್. ಪ್ರಾಧ್ಯಾಪಕಿಯಲ್ಲ, 1930ರಿಂದ 1958ರವರೆಗೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಬಂಧಗಳ ವಿಭಾಗದ ಕಾರ್ಯದರ್ಶಿಯಾಗಿದ್ದರು. ಬರುವ ಪ್ರತಿ ಪ್ರಬಂಧವೂ ಅವರ ಮೇಜನ್ನು ದಾಟಿಯೇ ಹೋಗಬೇಕು. ಒಬ್ಬನದು ಒಂದು ಬಗೆಯ ಟಿಪ್ಪಣಿ, ಇನ್ನೊಬ್ಬನದು ಇನ್ನೊಂದು ಬಗೆ. ಸಾಕಾಗಿ 1937ರಲ್ಲಿ ಒಂದು ಪುಟ್ಟ ಕೈಪಿಡಿ ಬರೆದರು. 1906ರಲ್ಲಿ ಬಂದಿದ್ದ ಷಿಕಾಗೋ ಮುದ್ರಣ ಕೈಪಿಡಿಯನ್ನು ಟೈಪ್‌ರೈಟರ್ ಮುಂದೆ ಕೂತ ವಿದ್ಯಾರ್ಥಿಗೆ ಇಳಿಸಿಕೊಟ್ಟ ಕೆಲಸ ಅದು. ದುಪ್ಪಟ್ಟು ಸಾಲು ಬಿಟ್ಟದ್ದು ತಿದ್ದುವವರ ಪೆನ್ನಿಗೆ ಜಾಗವಿರಲಿ ಎಂದು. ಈಗ ಟೈಪ್‌ರೈಟರೂ ಇಲ್ಲ, ಬಹಳ ಕಡೆ ಪೆನ್ನೂ ಇಲ್ಲ, ಜಾಗ ಮಾತ್ರ ಉಳಿದಿದೆ. ಟುರೇಬಿಯನ್ 1987ರಲ್ಲಿ ತೀರಿಕೊಂಡ ಮೇಲೂ ಕೈಪಿಡಿ ಪರಿಷ್ಕಾರವಾಗುತ್ತಲೇ ಇದೆ. ಪ್ರಪಂಚದ ಎಷ್ಟೋ ದೊಡ್ಡ ಇತಿಹಾಸಕಾರರ ಹೆಸರು ಕೇಳದ ವಿದ್ಯಾರ್ಥಿಗೂ ಒಬ್ಬ ಕಚೇರಿ ಕಾರ್ಯದರ್ಶಿಯ ಹೆಸರು ಬಾಯಿಪಾಠ.

ಪುಟದ ಲೆಕ್ಕವೂ ಹೆಚ್ಚುಕಡಿಮೆ ಹೀಗೇ, ಊರಿಗೊಂದು ರೂಢಿ. ಆಕ್ಸ್‌ಫರ್ಡಿನಲ್ಲಿ ಇತಿಹಾಸದ ಪದವಿ ಪ್ರಬಂಧಕ್ಕೆ 12,000 ಪದಗಳ ಮಿತಿ, ಅದು ಕಡ್ಡಾಯ ಕೂಡ. ಅಮೆರಿಕದ ಮಾಮೂಲಿ ಕಾಲೇಜಿನ ಇಪ್ಪತ್ತೈದು ಪುಟವೆಂದರೆ ಸುಮಾರು 7,000 ಪದ. ಪ್ರಿನ್ಸ್‌ಟನ್ನಿನಲ್ಲಿ ಮಾತ್ರ ವರ್ಷಪೂರ್ತಿ ನಡೆಯುವ ಕೆಲಸ, ಪುಟ ನೂರರ ಹತ್ತಿರ ಹೋಗುವುದುಂಟು. ಅಲ್ಲಿ 1920ರ ದಶಕದಿಂದಲೂ ಕಲಾ ಪದವಿಯ ವಿದ್ಯಾರ್ಥಿ ಪ್ರಬಂಧ ಬರೆಯದೆ ಹೊರಬೀಳುವಂತಿಲ್ಲ. ಓರೆಗಾನ್‌ನ ರೀಡ್ ಕಾಲೇಜಿನಲ್ಲೂ ಎಲ್ಲರಿಗೂ ಕಡ್ಡಾಯ. ಮುಗಿದ ದಿನ ಮೆರವಣಿಗೆ ಹೊರಟು ಕರಡುಗಳನ್ನು ಬೆಂಕಿಗೆ ಹಾಕುತ್ತಾರೆ. ಇತಿಹಾಸ ಓದಿದವರೇ ಕರಡು ಸುಡುವುದು ನನಗೇನೋ ಸರಿಕಾಣದು. ಒಹಾಯೋದ ವೂಸ್ಟರ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಇದೇ ಪದ್ಧತಿ. ಪ್ರಬಂಧ ಒಪ್ಪಿಸಿದವರ ಕೈಗೆ ಒಂದು ಟೂಟ್ಸಿ ರೋಲ್ ಚಾಕಲೇಟು ಇಡುತ್ತಾರೆ. ವರ್ಷದ ದುಡಿಮೆಗೆ ಒಂದು ಚಾಕಲೇಟು.

ಹಾಳೆಯಲ್ಲಿ ನಿಜವಾಗಿ ತೂಕವಿರುವುದು ಬೇರೆ ಎರಡು ಸಾಲುಗಳಿಗೆ. ಒಂದು, ಪ್ರಬಂಧ ಪ್ರಾಥಮಿಕ ಆಕರಗಳ ಮೇಲೆ ನಿಂತಿರಬೇಕು. ಎರಡು, ಅದಕ್ಕೊಂದು ಪ್ರಶ್ನೆ ಇರಬೇಕು, ಆ ಪ್ರಶ್ನೆಗೆ ನಿಮ್ಮದೇ ಉತ್ತರವಿರಬೇಕು.

ಮೊದಲನೆಯದು ಬರ್ಲಿನ್ನಿನಿಂದ ಬಂದದ್ದು. 1825ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದ ಲಿಯೋಪೋಲ್ಡ್ ಫಾನ್ ರಾಂಕೆ ಕೆಲವೇ ವಿದ್ಯಾರ್ಥಿಗಳನ್ನು ತನ್ನ ಮನೆಗೆ ಕರೆಸಿಕೊಂಡು ಮಧ್ಯಯುಗದ ದಾಖಲೆಗಳನ್ನು ಎದುರಿಗಿಟ್ಟು ಪಾಠ ಮಾಡುತ್ತಿದ್ದ. ಪಾಠ ಎನ್ನುವುದಕ್ಕಿಂತ ಜಗಳ ಎನ್ನಬೇಕು: ಇದನ್ನು ಬರೆದವರು ಯಾರು, ಕಣ್ಣಾರೆ ಕಂಡರೋ, ಕೇಳಿ ಬರೆದರೋ, ಯಾರನ್ನು ಮೆಚ್ಚಿಸಲು ಬರೆದರು. ಜರ್ಮನಿಗೆ ಓದಲು ಹೋದ ಅಮೆರಿಕನ್ನರು ಈ ಸೆಮಿನಾರನ್ನು ಊರಿಗೆ ಹೊತ್ತು ತಂದರು. 1876ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಬ್ಯಾಕ್ಸ್‌ಟರ್ ಆಡಮ್ಸ್ ಸೆಮಿನಾರ್ ಕೋಣೆಯನ್ನು ಪ್ರಯೋಗಶಾಲೆಗೆ ಹೋಲಿಸಿದ. ಗಣಿಯಿಂದ ತಂದ ಕಲ್ಲಿನ ಮಾದರಿಗಳನ್ನು ಕೈಯಿಂದ ಕೈಗೆ ದಾಟಿಸಿ ಪರೀಕ್ಷಿಸುವ ಹಾಗೆ ಪುಸ್ತಕಗಳನ್ನು ಪರೀಕ್ಷಿಸಬೇಕೆಂಬುದು ಅವನ ಕಲ್ಪನೆ. ವುಡ್ರೋ ವಿಲ್ಸನ್, ಫ್ರೆಡರಿಕ್ ಜಾಕ್ಸನ್ ಟರ್ನರ್ ಆ ಮೇಜಿನ ಸುತ್ತ ಕೂತವರು. ಅಲ್ಲಿಂದ ಮುಂದೆ ಡಾಕ್ಟರೇಟಿನವರಿಗಿದ್ದ ಅಭ್ಯಾಸ ಒಂದೊಂದೇ ಮೆಟ್ಟಿಲು ಇಳಿದು ಪದವಿ ತರಗತಿಗೂ ಬಂತು. 1998ರಲ್ಲಿ ಬಾಯರ್ ಆಯೋಗದ ವರದಿ, ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳು ಪದವಿ ವಿದ್ಯಾರ್ಥಿಗಳನ್ನು ಕಡೆಗಣಿಸುತ್ತಿವೆ ಎಂದು ಬೈದು, ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರಿಗೂ ಇಂಥದೊಂದು ಕಳಶದ ಅನುಭವ ಸಿಗಬೇಕೆಂದಿತು. ಅದರ ನಂತರ ಆ ಪದ ಹಬ್ಬಿತು.

ಆದರೆ ಆಕರ ನೋಡಿ ಎಂದರೆ ಸಾಕೆ? 1991ರಲ್ಲಿ ಸ್ಯಾಮ್ ವೈನ್‌ಬರ್ಗ್ ಪ್ರಕಟಿಸಿದ ಒಂದು ಅಧ್ಯಯನ ನನಗೆ ಇಷ್ಟ. ಎಂಟು ಜನ ಇತಿಹಾಸಕಾರರು, ಎಂಟು ಜನ ಹೈಸ್ಕೂಲ್ ವಿದ್ಯಾರ್ಥಿಗಳು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೊದಲ ಗುಂಡು ಹಾರಿದ ಲೆಕ್ಸಿಂಗ್ಟನ್ ಕದನದ ದಾಖಲೆಗಳನ್ನು ಎರಡೂ ಗುಂಪಿನವರ ಮುಂದೆ ಇಟ್ಟು, ಓದುತ್ತ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿ ಎಂದ. ಹುಡುಗರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿಕೊಂಡು ಹೋದರು. ಇತಿಹಾಸಕಾರರ ಕಣ್ಣು ಮೊದಲು ಹೋದದ್ದು ಕೆಳಗಡೆಗೆ, ಬರೆದವರು ಯಾರು, ಯಾವ ತಾರೀಖು ಎಂಬಲ್ಲಿಗೆ. ಆ ಹುಡುಗರು ದಡ್ಡರಲ್ಲ. ಪಠ್ಯಪುಸ್ತಕ ಓದಿ ಓದಿ, ಎಲ್ಲ ಬರಹವೂ ಯಾರೂ ಬರೆಯದೆ ತಾನೇ ಹುಟ್ಟಿಕೊಂಡದ್ದು ಎಂಬ ಅಭ್ಯಾಸ ಬಿದ್ದಿತ್ತು. ಹನ್ನೆರಡು ವರ್ಷ ಹೀಗೆ ಓದಿದವರು ಕಾಲೇಜಿನಲ್ಲೂ ಮೂರು ವರ್ಷ ಹೀಗೇ ಓದಿದರೆ, ನಾಲ್ಕನೆಯ ವರ್ಷದ ಹಾಳೆಯಲ್ಲಿ ಕನಿಷ್ಠ ಇಷ್ಟು ಪ್ರಾಥಮಿಕ ಆಕರ ಎಂದು ಬರೆದು ಏನು ಫಲ? ಅವರು ಹತ್ತು ಆಕರಗಳನ್ನು ಹತ್ತು ಪಠ್ಯಪುಸ್ತಕಗಳ ಹಾಗೆ ಓದುತ್ತಾರೆ.

ಅಲ್ಲಿನ ಬೋಧಕರಲ್ಲಿ ಇದೇ ದೊಡ್ಡ ಚರ್ಚೆ. ಲೆಂಡಲ್ ಕಾಲ್ಡರ್ 2006ರಲ್ಲಿ, ಮೊದಲ ವರ್ಷದ ಪಾಠದಲ್ಲೇ ಶತಮಾನಗಳನ್ನು ಓಡಿಸುವುದು ಬಿಟ್ಟು ಇತಿಹಾಸಕಾರ ಮಾಡುವ ಕೆಲಸವನ್ನು ಮಾಡಿಸಬೇಕೆಂದು ವಾದಿಸಿದ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇಸ್, ಜೋನ್ ಮಿಡೆನ್‌ಡಾರ್ಫ್ ಇನ್ನೊಂದು ದಾರಿ ಹಿಡಿದರು: ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೋ ಅಲ್ಲಿ ಮೇಷ್ಟರು ತಾವು ಮನಸ್ಸಿನಲ್ಲಿ ಏನು ಮಾಡುತ್ತೇವೆ ಎಂಬುದನ್ನು ಬಿಡಿಸಿ ಹೇಳಬೇಕು. ಹಲವು ವಿಭಾಗಗಳು ಎರಡನೆಯ ವರ್ಷಕ್ಕೇ ಒಂದು ವಿಧಾನಗಳ ಕೋರ್ಸು ಸೇರಿಸಿವೆ, ಅದು ಮುಗಿಯದೆ ಕೊನೆಯ ಪ್ರಬಂಧಕ್ಕೆ ಸೇರಿಸಿಕೊಳ್ಳುವುದಿಲ್ಲ. ನನ್ನ ಕೇಳಿದರೆ ಇಡೀ ಹಾಳೆಯಲ್ಲಿ ಅತಿ ಮುಖ್ಯವಾದ ಸಾಲು ಇದೇ. ಈ ಕೋರ್ಸಿಗೆ ಮೊದಲು ಏನೇನು ಮುಗಿಸಿರಬೇಕು ಎಂಬುದು. ಅದು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿರುತ್ತದೆ.

ಎರಡನೆಯ ಸಾಲು ಪ್ರಶ್ನೆಯದು. ವಿದ್ಯಾರ್ಥಿಗಳು ವಿಷಯ ತರುತ್ತಾರೆ, ಪ್ರಶ್ನೆ ತರುವುದಿಲ್ಲ. ವಿಷಯಕ್ಕೆ ಬೇಲಿ ಹಾಕಿದ ಪ್ರಶ್ನೆಯ ಒಂದು ಒಳ್ಳೆಯ ಉದಾಹರಣೆ ಪ್ರಿನ್ಸ್‌ಟನ್ನಿನ ಕಪಾಟಿನಲ್ಲೇ ಇದೆ. 1981ರಲ್ಲಿ ಎಲೆನಾ ಕೇಗನ್ ಬರೆದ ಪ್ರಬಂಧ. ಅಮೆರಿಕದಲ್ಲಿ ಸಮಾಜವಾದ ಎಂದು ಆಕೆ ಹೊರಡಲಿಲ್ಲ. ನ್ಯೂಯಾರ್ಕ್ ನಗರ ಒಂದೇ, 1900ರಿಂದ 1933ರವರೆಗೆ ಮಾತ್ರ. ಅಷ್ಟು ಬಲವಾಗಿ ಎದ್ದ ಚಳವಳಿ ಅಲ್ಲಿ ಕುಸಿದದ್ದೇಕೆ ಎಂಬುದು ಪ್ರಶ್ನೆ. ಉತ್ತರ ಒಳಜಗಳದ ಕಡೆ ಬೆರಳು ಮಾಡುತ್ತದೆ. ಊರು, ಕಾಲ, ಏಕೆ ಎಂಬ ಮೂರು ಗೂಟ ಹೊಡೆದು ಹಗ್ಗ ಕಟ್ಟಿದ ಹಾಗೆ. 2010ರಲ್ಲಿ ಕೇಗನ್ ಹೆಸರು ಸುಪ್ರೀಂ ಕೋರ್ಟಿಗೆ ಸೂಚಿತವಾದಾಗ ಈ ಪ್ರಬಂಧ ಧೂಳು ಕೊಡವಿಕೊಂಡು ಎದ್ದಿತು, ಸಮಾಜವಾದದ ಬಗ್ಗೆ ಬರೆದವಳು ಸಮಾಜವಾದಿಯೇ ಇರಬೇಕೆಂದು ಕೆಲವರು ಹುಯ್ಯಲಿಟ್ಟರು. ಪ್ರಶ್ನೆ ಕೇಳುವುದಕ್ಕೂ ಪಕ್ಷ ಸೇರುವುದಕ್ಕೂ ವ್ಯತ್ಯಾಸ ತಿಳಿಯದವರು ಎಲ್ಲ ದೇಶದಲ್ಲೂ ಇದ್ದಾರೆ.

ಅದಕ್ಕೆ ಒಂದು ವರ್ಷ ಮೊದಲು ಅದೇ ನ್ಯಾಯಾಲಯಕ್ಕೆ ಬಂದ ಸೋನಿಯಾ ಸೋಟೊಮೇಯರ್ ಕೂಡ ಪ್ರಿನ್ಸ್‌ಟನ್ನಿನ ಇತಿಹಾಸ ವಿಭಾಗದವರೇ. 1976ರ ಅವರ ಪ್ರಬಂಧ ಪೋರ್ಟೊರಿಕೋದ ನಾಯಕ ಲೂಯಿಸ್ ಮುನ್ಯೋಸ್ ಮರೀನ್ ಕುರಿತದ್ದು. ಪ್ರಬಂಧಕ್ಕಿಂತ ಅದರ ಹಿಂದಿನ ದಾರಿ ನನಗೆ ಹೆಚ್ಚು ಹತ್ತಿರದ್ದು. ಮನೆಯಲ್ಲಿ ಸ್ಪ್ಯಾನಿಷ್ ಆಡಿ ಬೆಳೆದವರು, ಬಡ ಕುಟುಂಬ. ಕಾಲೇಜಿಗೆ ಬಂದ ಹೊಸದರಲ್ಲಿ ಅವರ ಇಂಗ್ಲಿಷ್ ವಾಕ್ಯಗಳು ಸ್ಪ್ಯಾನಿಷ್ ಜಾಡಿನಲ್ಲಿ ನಡೆಯುತ್ತಿದ್ದವು, ಅಂಕ ಬೀಳುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಕೂತು ವ್ಯಾಕರಣದ ಪುಸ್ತಕಗಳನ್ನು ಓದಿದರು, ಬಾಲ್ಯದಲ್ಲಿ ಓದದೆ ಬಿಟ್ಟುಹೋಗಿದ್ದ ಪುಸ್ತಕಗಳನ್ನು ಓದಿದರು, ಪ್ರಾಧ್ಯಾಪಕರು ಪ್ರಬಂಧದಿಂದ ಪ್ರಬಂಧಕ್ಕೆ ತಿದ್ದಿದರು. ಆಮೇಲೆ ಬರೆಯಲು ಆರಿಸಿಕೊಂಡದ್ದು ಯಾವ ಭಾಷೆ ತಮಗೆ ತೊಡಕಾಗಿತ್ತೋ ಅದೇ ಭಾಷೆಯ ನಾಡಿನ ಚರಿತ್ರೆಯನ್ನು. ಓದಲು ಬರುವ ಭಾಷೆಯ ಆಕರಗಳಿರುವ ವಿಷಯ ಆರಿಸಿಕೊಳ್ಳಿ ಎಂದು ಹಾಳೆಯಲ್ಲಿ ಒಂದು ಸಾಲಿರುತ್ತದೆ. ಅದನ್ನು ಎಚ್ಚರಿಕೆ ಎಂದು ಓದುವವರೇ ಹೆಚ್ಚು. ತಾಯಿನುಡಿಯೇ ಬಂಡವಾಳ ಎಂದೂ ಓದಬಹುದು.

ಎಲ್ಲರ ದಾರಿಯೂ ಹೀಗಿರುವುದಿಲ್ಲ, ಬಿಡಿ. 1940ರಲ್ಲಿ ಹಾರ್ವರ್ಡಿನಲ್ಲಿ ಜಾನ್ ಎಫ್. ಕೆನಡಿ ಮ್ಯೂನಿಕ್ ಒಪ್ಪಂದದ ಬಗ್ಗೆ ಪ್ರಬಂಧ ಬರೆದ. ಅವನದು ರಾಜ್ಯಶಾಸ್ತ್ರ ವಿಭಾಗ. ತಂದೆ ಆಗ ಬ್ರಿಟನ್ನಿನಲ್ಲಿ ಅಮೆರಿಕದ ರಾಯಭಾರಿ. ಪ್ರಬಂಧ ಅದೇ ವರ್ಷ ಪುಸ್ತಕವಾಗಿ ಹೊರಬಂತು. ಆಕರ ಸಂಗ್ರಹಕ್ಕೆ ರಾಯಭಾರಿಯ ಮಗನಾಗಿರುವುದು ಯಾವ ಕಾಲೇಜಿನ ಹಾಳೆಯಲ್ಲೂ ನಿಯಮವಾಗಿ ಇಲ್ಲ, ಇದ್ದರೆ ಅನುಕೂಲ.

ಇದೆಲ್ಲ ನಮಗೇಕೆ ಎಂದು ಕೇಳಬಹುದು. ನಮಗೂ ಒಂದು ಕಳಶ ಬಂದಿತ್ತು, ಅದಕ್ಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ಕರ್ನಾಟಕ ದೇಶಕ್ಕೇ ಮೊದಲಾಗಿ 2021ರಲ್ಲಿ ಜಾರಿಗೆ ತಂದಿತು. 2022ರ ಡಿಸೆಂಬರಿನಲ್ಲಿ ಯುಜಿಸಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಅಂಕ ಬಂದವರು ನಾಲ್ಕನೆಯ ವರ್ಷ ಸಂಶೋಧನೆ ಆರಿಸಿಕೊಳ್ಳಬಹುದು. 160 ಕ್ರೆಡಿಟ್ಟಿನಲ್ಲಿ 12 ಕ್ರೆಡಿಟ್ ಪ್ರಬಂಧಕ್ಕೆ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಅದಾಗಲೇ ಸೇರಿದ್ದವರಿಗೆ ನಾಲ್ಕನೆಯ ವರ್ಷದ ಬಾಗಿಲು ತೆರೆದಿತ್ತು. ಇದ್ದಕ್ಕಿದ್ದಂತೆ ಬಂದು ಇದ್ದಕ್ಕಿದ್ದಂತೆ ಹೋದ ಈ ವರ್ಷದ ರಾಜಕೀಯ ಇಲ್ಲಿ ಬೇಡ. ಆ ವರ್ಷದ ಪ್ರಬಂಧಗಳ ನಿಯಮದ ಹಾಳೆಗಳನ್ನು ಕೆಲವನ್ನು ನೋಡಿದೆ. ಅಂಚು ಇತ್ತು, ಅಕ್ಷರದ ಅಳತೆ ಇತ್ತು, ಪುಟಗಳ ಕನಿಷ್ಠ ಸಂಖ್ಯೆ ಇತ್ತು, ಬೈಂಡಿಂಗಿನ ಬಣ್ಣ ಇತ್ತು. ಇದಕ್ಕೂ ಮೊದಲು ವಿದ್ಯಾರ್ಥಿ ಯಾವ ದಾಖಲೆಯನ್ನಾದರೂ ಕೈಯಲ್ಲಿ ಹಿಡಿದು ಓದಿರಬೇಕು ಎಂಬುದೊಂದು ಮಾತ್ರ ಎಲ್ಲೂ ಇರಲಿಲ್ಲ.

ಹಾಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಒಂದು ವಿಶ್ವವಿದ್ಯಾಲಯದ ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಂಡಿದ್ದೇನೆ. ಯಾವುದೋ ಲೇಖನದ ಪ್ರತಿ ತೆಗೆಸಲು ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ ಪ್ರಾಜೆಕ್ಟ್ ಬೈಂಡಿಂಗಿಗೆ ಬಂದಿದ್ದ. ಅಂಗಡಿಯವನು ಕಂಪ್ಯೂಟರಿನಿಂದ ತಲೆಯೆತ್ತದೆ, “ಕೃತಜ್ಞತೆ ಪುಟ ಬರ್ಕೊಂಡ್ ಬಂದಿದ್ದೀರಾ, ನಮ್ದೇ ಹಾಕ್ಲಾ?” ಎಂದ. ಹುಡುಗ ನಿಮ್ಮದೇ ಹಾಕಿ ಅಂದ. ಪುಟ ತೆರೆಯಿತು. ತಂದೆತಾಯಿಯರಿಗೆ, ಗುರುಗಳಿಗೆ, ಸ್ನೇಹಿತರಿಗೆ, ಕೊನೆಯಲ್ಲಿ ಅಂದವಾಗಿ ಅಕ್ಷರ ಜೋಡಿಸಿಕೊಟ್ಟ ಆ ಅಂಗಡಿಗೇ. ಹುಡುಗನ ಹೆಸರು ಬದಲಾಯಿತು. ಮಾರ್ಗದರ್ಶಕರ ಹೆಸರು ಹೋದ ವರ್ಷದವರದೇ ಉಳಿಯಿತು. ನಾನು ಬಾಯಿ ಹಾಕಲಿಲ್ಲ. ನೀಲಿ ರೆಕ್ಸಿನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಮೂಡುವುದನ್ನೇ ನೋಡುತ್ತ ನಿಂತೆ, ನಿಜಕ್ಕೂ ಚೆನ್ನಾಗಿ ಮಾಡುತ್ತಿದ್ದ.

ಆ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಅವನಿಗೆ ಪ್ರಬಂಧವೆಂದರೆ ಒಪ್ಪಿಸಬೇಕಾದ ವಸ್ತು, ಹಾಳೆಯೂ ಹಾಗೇ ಹೇಳಿತ್ತು. ಕದ್ದದ್ದನ್ನು ಹಿಡಿಯಲು ಯುಜಿಸಿಯ 2018ರ ನಿಯಮಗಳಿವೆ, ಹೋಲಿಕೆ ಶೇ. 10ರ ಒಳಗಿದ್ದರೆ ದಂಡವಿಲ್ಲ. ಈ ಲೆಕ್ಕ ಹಾಕುವ ತಂತ್ರಾಂಶ ತನಗೆ ಅಕ್ಷರರೂಪದಲ್ಲಿ ಸಿಗುವುದರ ಜೊತೆ ಮಾತ್ರ ತಾಳೆ ನೋಡಬಲ್ಲದು. ನಮ್ಮ ಹಳೆಯ ಕನ್ನಡ ಪುಸ್ತಕಗಳು ಬಹುಪಾಲು ಫೋಟೋ ಪುಟಗಳಾಗಿಯೋ, ಗೆದ್ದಲು ಹಿಡಿದ ಪ್ರತಿಗಳಾಗಿಯೋ ಉಳಿದಿವೆ. ಅವುಗಳಿಂದ ಅಧ್ಯಾಯಗಟ್ಟಲೆ ಇಳಿಸಿದರೂ ಯಂತ್ರ ಹಸಿರು ದೀಪ ತೋರಿಸುತ್ತದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕಳ್ಳತನದ ಅರ್ಥವೇ ಜಾರಿಹೋಗಿದೆ. ಇಲ್ಲದ ಪುಸ್ತಕಕ್ಕೆ ಇರುವ ಲೇಖಕನ ಹೆಸರು ಕೊಟ್ಟು ಪುಟಸಂಖ್ಯೆಯ ಸಮೇತ ಅಡಿಟಿಪ್ಪಣಿ ಹುಟ್ಟಿಸುವಷ್ಟು ಅದು ಚುರುಕು. ಅಮೆರಿಕದ ಬೋಧಕರಲ್ಲಿ ಹಲವರು ಇದಕ್ಕೆ ಕಂಡುಕೊಂಡ ಮದ್ದು ಹೊಸದೇನಲ್ಲ: ಹಂತಹಂತದ ಒಪ್ಪಿಸುವಿಕೆ, ದಾಖಲೆಯ ಫೋಟೋ, ಕೈಬರಹದ ಟಿಪ್ಪಣಿ, ಎದುರು ಕೂತು ನಾಲ್ಕು ಪ್ರಶ್ನೆ. ಈ ಮೂರನೆಯ ಅಡಿಟಿಪ್ಪಣಿಯ ಪುಸ್ತಕ ಎಲ್ಲಿ ಸಿಕ್ಕಿತಪ್ಪಾ ಎಂದು ಕೇಳಿದರೆ ಸಾಕು. ರಾಂಕೆಯ ಮನೆಯಲ್ಲೂ ನಡೆದದ್ದು ಇದೇ.

ನಮ್ಮಲ್ಲಿ ಆಕರಗಳಿಗೆ ಬರವಿಲ್ಲ ಎಂಬುದೇ ಹೊಟ್ಟೆ ಉರಿಯುವ ಸಂಗತಿ. ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಕಾಲದಲ್ಲಿ 144 ಸದಸ್ಯರೊಂದಿಗೆ ಶುರುವಾಯಿತು, ಅದರ ನಡಾವಳಿಗಳು ಅಚ್ಚಾಗಿವೆ. ವಿಧಾನಸೌಧದಲ್ಲೇ ರಾಜ್ಯ ಪತ್ರಾಗಾರವಿದೆ. ಬಿ.ಎಲ್. ರೈಸ್ 1886ರಿಂದ ಹೊರತಂದ ಶಾಸನ ಸಂಪುಟಗಳಿವೆ. ಮೆಕೆಂಜಿ ಸಂಗ್ರಹಿಸಿದ ಊರೂರ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಬೆಂಗಳೂರಿನ ಪ್ಲೇಗು ಎಂದು ವಿದ್ಯಾರ್ಥಿ ಬಂದರೆ ಅದು ವಿಷಯ. 1898ರ ಆಗಸ್ಟ್‌ನಲ್ಲಿ ಪ್ಲೇಗು ಬಂತು, ಅದರಿಂದ ಮಲ್ಲೇಶ್ವರ, ಬಸವನಗುಡಿ ಹುಟ್ಟಿದವು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಈ ಬಡಾವಣೆಗಳ ಯೋಜನೆ 1890ರ ದಶಕದ ಆರಂಭದಲ್ಲೇ, ಅಂದರೆ ಪ್ಲೇಗಿಗೆ ಕೆಲವು ವರ್ಷ ಮೊದಲೇ ಶುರುವಾಗಿತ್ತು. ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟ ಕೂಡಲೇ ಪ್ರಶ್ನೆ ಎದ್ದು ಕೂರುತ್ತದೆ: ಹಾಗಾದರೆ ಪ್ಲೇಗು ಮಾಡಿದ್ದೇನು? ಖಾಲಿ ನಿವೇಶನಗಳನ್ನು ತುಂಬಿಸಿತೆ, ಯಾರಿಂದ ತುಂಬಿಸಿತು, ಪೇಟೆಯಲ್ಲೇ ಉಳಿದವರು ಯಾರು? ಮೊದಲೇ ಶುರುವಾದ ಬಡಾವಣೆಗೆ ಜನ ಪ್ಲೇಗನ್ನೇ ತಾಯಿ ಮಾಡಿದ್ದೇಕೆ? ಇಪ್ಪತ್ತೈದು ಪುಟಕ್ಕೆ ಇದು ಧಾರಾಳ ಸಾಕು. ಪುರಸಭೆಯ ವರದಿಗಳನ್ನು ತೆರೆದರೆ ಹದಿನೈದು ವಾರ ಸಾಲದೆಯೂ ಹೋಗಬಹುದು.

ಆದರೆ ಟುರೇಬಿಯನ್ ಹಾಳೆಯನ್ನು ಹಾಗೇ ಅನುವಾದಿಸಿ ತಂದರೆ ಇಲ್ಲಿ ನಡೆಯದು. ಆಕರಗಳ ಪಟ್ಟಿಯಲ್ಲಿ ಮನೆತನದ ಹೆಸರು ಮೊದಲು ಬರೆಯಿರಿ ಎನ್ನುತ್ತದೆ ಆ ಪದ್ಧತಿ. ಡಿ.ವಿ. ಗುಂಡಪ್ಪನವರಿಗೆ ಮನೆತನದ ಹೆಸರೆಲ್ಲಿ? ಡಿ ಎಂದರೆ ದೇವನಹಳ್ಳಿ, ವಿ ಎಂದರೆ ತಂದೆ ವೆಂಕಟರಮಣಯ್ಯ. ಗುಂಡಪ್ಪ ಎಂಬುದು ಅವರದೇ ಹೆಸರು, ಅದನ್ನೇ ಮುಂದಿಡಬೇಕು. ಕಲಬುರ್ಗಿಯವರಲ್ಲಿ ಊರ ಹೆಸರೇ ಕೊನೆಗೆ ಬಂದು ಕೂತಿದೆ. ಶಾಸನ ಉಲ್ಲೇಖಿಸುವಾಗ ಪುಟಸಂಖ್ಯೆಗಿಂತ ತಾಲೂಕು ಮತ್ತು ಸಂಖ್ಯೆ ಮುಖ್ಯ. ಬೇಲೂರು 58 ಎಂದರೆ ತಿಳಿದವರಿಗೆ ಗೊತ್ತಾಗುತ್ತದೆ. ಅದರಲ್ಲೂ ರೈಸ್ ಕಾಲದ ಸಂಪುಟವೋ, 1970ರ ದಶಕದಿಂದ ಮೈಸೂರಿನಲ್ಲಿ ಬಂದ ಪರಿಷ್ಕೃತ ಸಂಪುಟವೋ ಹೇಳಬೇಕು, ಎರಡರ ಸಂಪುಟ ಸಂಖ್ಯೆಗಳು ಬೇರೆ ಬೇರೆ. ಶಕ ವರ್ಷ ಮತ್ತು ಸಂವತ್ಸರ ಒಂದಕ್ಕೊಂದು ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಷಿಕಾಗೋದಲ್ಲಿ ಉತ್ತರವಿಲ್ಲ. ಕಡತದ ಕಥೆ ಇನ್ನೊಂದು. ಕಪ್ಪು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು, ಒರೆಸಿ ಮತ್ತೆ ಬರೆಯಬಹುದಾದದ್ದು. ಇದನ್ನು ಉಲ್ಲೇಖಿಸುವ ಮುನ್ನ ಯಾವ ಪದರದ ಬರಹ ಓದುತ್ತಿದ್ದೇನೆ ಎಂದು ಯೋಚಿಸಬೇಕಾಗುತ್ತದೆ. ಭಾಷೆಯ ಮಾತು ಬೇರೆ ಇದೆ. ಹಳೆ ಮೈಸೂರಿನ ಆಡಳಿತದ ಕಾಗದ ಬಹಳಷ್ಟು ಇಂಗ್ಲಿಷಿನಲ್ಲಿ, ಧಾರವಾಡದ ಕಡೆ ಮೋಡಿ ಲಿಪಿಯ ಮರಾಠಿ, ಕಲಬುರಗಿಯ ಕಡೆ ಉರ್ದು. ಕನ್ನಡದಲ್ಲಿ ಇತಿಹಾಸ ಓದಿದ ನಮ್ಮ ವಿದ್ಯಾರ್ಥಿ ಯಾವ ಪತ್ರಾಗಾರದ ಬಾಗಿಲು ತಟ್ಟಬೇಕು ಎಂಬುದನ್ನು ಈ ನಕ್ಷೆಯೇ ಅರ್ಧ ನಿರ್ಧರಿಸಿಬಿಡುತ್ತದೆ. ಕನ್ನಡದಲ್ಲಿ ಅಚ್ಚಾದ ನಡಾವಳಿ, ಕೈಫಿಯತ್ತು, ಹಳೆಯ ಪತ್ರಿಕೆಗಳು ಅವನಿಗೆ ಸೋಟೊಮೇಯರರ ಸ್ಪ್ಯಾನಿಷ್ ಇದ್ದ ಹಾಗೆ. ಪ್ರಬಂಧವನ್ನೂ ಕನ್ನಡದಲ್ಲೇ ಬರೆಯಲಿ ಎಂದರೆ ಕೆಲವು ವಿಭಾಗಗಳು ಇನ್ನೂ ಹಿಂದೆಮುಂದೆ ನೋಡುತ್ತವೆ.

ಎಲ್ಲರಿಗೂ ಪ್ರಬಂಧ ಕಡ್ಡಾಯ ಮಾಡಬೇಕೆ ಎಂಬ ಪ್ರಶ್ನೆಗೆ ಅಮೆರಿಕದಲ್ಲೂ ಒಮ್ಮತವಿಲ್ಲ. ಕೆಲವೆಡೆ ಗೌರವ ಪದವಿಯವರಿಗೆ ಮಾತ್ರ. ಕೆಲವೆಡೆ ಪ್ರಬಂಧದ ಬದಲು ಊರ ವಸ್ತುಸಂಗ್ರಹಾಲಯಕ್ಕೆ ಒಂದು ಪ್ರದರ್ಶನವನ್ನೋ, ಹಿರಿಯರ ಸಂದರ್ಶನಗಳ ಸಂಗ್ರಹವನ್ನೋ ಒಪ್ಪುತ್ತಾರೆ. ನನ್ನ ಒಲವು ಚಿಕ್ಕದಾದರೂ ಎಲ್ಲರಿಗೂ ಎಂಬ ಕಡೆಗೆ. ಮೂರು ವರ್ಷದ ಪದವಿಯಲ್ಲಾದರೂ ಎರಡನೆಯ ಸೆಮಿಸ್ಟರಿನಲ್ಲಿ ಒಂದೇ ಒಂದು ದಾಖಲೆ ಕೊಟ್ಟು ಮೂರು ಪುಟ, ನಾಲ್ಕನೆಯದರಲ್ಲಿ ಒಂದಕ್ಕೊಂದು ಒಪ್ಪದ ಎರಡು ದಾಖಲೆ ಕೊಟ್ಟು ಆರು ಪುಟ, ಆರನೆಯದರಲ್ಲಿ ಹನ್ನೆರಡು ಪುಟ. ಇದಕ್ಕೆ ಹೊಸ ನೀತಿ ಬೇಡ, ನಾಲ್ಕನೆಯ ವರ್ಷವೂ ಬೇಡ. ತಿದ್ದುವ ಮೇಷ್ಟರಿಗೆ ಪುರುಸೊತ್ತು ಬೇಕು, ಅದನ್ನು ಯಾರು ಕೊಡುತ್ತಾರೋ ಗೊತ್ತಿಲ್ಲ. ಅರವತ್ತು ಜನರ ಕರಡನ್ನು ಅತಿಥಿ ಉಪನ್ಯಾಸಕರೊಬ್ಬರು ಎರಡೆರಡು ಸಲ ಓದಬೇಕೆಂದು ಹಾಳೆಯಲ್ಲಿ ಬರೆಯುವುದು ಸುಲಭ.

ಅಮೆರಿಕದ ಹಾಳೆಗಳಲ್ಲಿ ಹಲವು ಕಡೆ ಕೊನೆಯ ಸಾಲು ಇದು: ಒಂದು ಪ್ರತಿ ಗ್ರಂಥಾಲಯಕ್ಕೆ. ಸೋಟೊಮೇಯರ್ ಪ್ರಬಂಧವನ್ನು ಮೂವತ್ತಮೂರು ವರ್ಷದ ಮೇಲೆ ಪತ್ರಕರ್ತರು ಹುಡುಕಿಕೊಂಡು ಹೋದಾಗ ಅದು ಪ್ರಿನ್ಸ್‌ಟನ್ನಿನ ಮಡ್ ಗ್ರಂಥಾಲಯದಲ್ಲಿತ್ತು. ನಮ್ಮ ನಾಲ್ಕನೆಯ ವರ್ಷದ ಮೊದಲ ತಂಡದ ಪ್ರಬಂಧಗಳನ್ನು ನೋಡಬೇಕೆಂದು ಕಳೆದ ವರ್ಷ ಒಂದು ಕಾಲೇಜಿಗೆ ಹೋಗಿದ್ದೆ. ಇತಿಹಾಸ ವಿಭಾಗದಲ್ಲಿದ್ದ ಉಪನ್ಯಾಸಕಿ ಕೂರಿಸಿ ಚಹಾ ತರಿಸಿದರು. ಮೂಲೆಯ ಕಬ್ಬಿಣದ ಬೀರು ತೋರಿಸಿ, “ಎಲ್ಲ ಅದ್ರಲ್ಲೇ ಇದೆ ಸರ್, ಕೆರೆಗಳ ಮೇಲೆ ಒಬ್ಳು ಭಾಳ ಚೆನ್ನಾಗಿ ಬರ್ದಿದ್ಳು, ಊರ ಶಾನುಭೋಗರ ಮನೆ ಕಾಗದ ಎಲ್ಲ ಹುಡುಕಿ” ಎಂದರು. ನೋಡಬಹುದೆ ಎಂದೆ. ಬೀಗದಕೈ ಹಿಂದಿನ ಮುಖ್ಯಸ್ಥರ ಹತ್ತಿರ ಉಳಿದಿತ್ತು, ಅವರಿಗೆ ಜೂನ್‌ನಲ್ಲೇ ವರ್ಗವಾಗಿತ್ತು. ಫೋನು ಮಾಡಿದರು. ಹುಡುಕಿ ಕೊರಿಯರ್ ಮಾಡುತ್ತೇನೆ ಎಂದರಂತೆ.